ಷರಾ ಕಲಂನಲ್ಲಿ ಬರೆದದ್ದು

(ಅಗಲಿದವರ ನೆನಪಿನಲ್ಲಿ ಗಂಡಸರ ಮಾನಸಿಕ ಆರೋಗ್ಯಕ್ಕಾಗಿ ದೇಣಿಗೆ ಎತ್ತುವ ಕುರಿತು ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಉಳಿದದ್ದು ಅಂದು ಹೇಳಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಉದ್ದನೆಯ ಪುಸ್ತಕ ನಾನು ತಂದದ್ದು. ಕೆಂಪು ಬಟ್ಟೆಯ ಬೆನ್ನಿರುವ ಲೆಕ್ಕದ ಪುಸ್ತಕ. ಅಣ್ಣ ತೀರಿಕೊಂಡ ಹನ್ನೊಂದು ತಿಂಗಳಿಗೆ, ಅವನ ನೆನಪಿನಲ್ಲಿ ಒಂದು ನಡಿಗೆ ಮಾಡಿ ಹಣ ಕೂಡಿಸೋಣ ಎಂದು ನಾವು ಐದಾರು ಜನ ಸೇರಿದಾಗ, ಜೀವನವೆಲ್ಲ ಲೆಕ್ಕಪತ್ರದಲ್ಲೇ ಕಳೆದ ಗೆಳೆಯರೊಬ್ಬರು ಇದನ್ನು ತಂದು, ಸ್ಕೇಲು ಇಟ್ಟು ಗೆರೆ ಎಳೆದುಕೊಟ್ಟರು. ಕ್ರಮಸಂಖ್ಯೆ, ಹೆಸರು, ಮೊತ್ತ, ಸಹಿ, ಷರಾ. ಷರಾ ಯಾಕೆ ಎಂದು ಕೇಳಿದೆ. "ಇರಲಿ, ಚೆಕ್ಕೋ ನಗದೋ ಬರೆಯುವುದಕ್ಕೆ ಬೇಕಾಗುತ್ತದೆ" ಎಂದರು.

ಮೊದಲ ಸಂಜೆ ಹದಿನೇಳು ಜನ ಕೊಟ್ಟರು. ರಾತ್ರಿ ಕೂಡಿಸಲು ಕುಳಿತಾಗ ಷರಾ ಕಲಂ ನೋಡಿದೆ. ಚೆಕ್ಕು, ನಗದು ಎಂದು ಬರೆದವರು ನಾಲ್ಕೇ ಜನ. ಮಿಕ್ಕವರು ಬರೆದದ್ದನ್ನು, ಯಾರದೆಂದು ಗೊತ್ತಾಗದಂತೆ ಓದುತ್ತೇನೆ. "ಚಿಕ್ಕಪ್ಪ. ಹೇಗೆ ಹೋದರೆಂದು ಮನೆಯಲ್ಲಿ ಇಂದಿಗೂ ಹೇಳುವುದಿಲ್ಲ." "ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು." "ನನ್ನ ಗಂಡ. ಇದ್ದಾರೆ. ಮಾತು ನಿಂತು ಎರಡು ವರ್ಷ." ಒಬ್ಬರು "ಹೇಳಲಾರೆ" ಎಂದಷ್ಟೇ ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು.

ಇವರಲ್ಲಿ ಹೆಚ್ಚಿನವರು ಗಂಡಸರು. ಅಣ್ಣ ಹೋದಾಗ ಮನೆಗೆ ಬಂದು, ಬಾಗಿಲ ಹತ್ತಿರ ನಿಂತು, ಚಪ್ಪಲಿ ನೋಡಿಕೊಂಡು ಹೊರಟು ಹೋದವರು. ಅವರಿಗೆ ಸಂತಾಪದ ಮಾತು ಬಂದಿರಲಿಲ್ಲ, ನನಗೂ ಉತ್ತರ ಬಂದಿರಲಿಲ್ಲ. ಈಗ ಕೈಗೆ ಒಂದು ಪೆನ್ನು, ಎದುರಿಗೆ ಬೆರಳೆರಡು ಅಗಲದ ಖಾಲಿ ಜಾಗ ಸಿಕ್ಕಿದ್ದೇ ತಡ, ಬರೆದರು. ಬಾಯಿ ತೆರೆಯಲಾರದವರಿಗೆ ಜೇಬು ತೆರೆಯುವುದು ಸುಲಭ. ಜೇಬು ತೆರೆದ ಮೇಲೆ ಹಲವರಿಗೆ ಬಾಯಿಯೂ ತೆರೆಯಿತು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ದೇಣಿಗೆ ಕೇಳುವುದೆಂದರೆ ಮಾತಿಗೊಂದು ನೆಪ ಒದಗಿಸುವುದು. ಹಾಗೆಂದು ಹಣದ ಲೆಕ್ಕ ಸಡಿಲ ಬಿಡಬಹುದು ಎಂದಲ್ಲ, ಅದಕ್ಕೂ ಬರುತ್ತೇನೆ.

ನಮ್ಮ ಭಾಷೆಯಲ್ಲಿ ಒಂದು ಗಾದೆ ಇದೆಯಲ್ಲ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು. ನಗುವುದಕ್ಕಾಗಿ ಹುಟ್ಟಿದ ಗಾದೆ. ಅಣ್ಣ ಹೋದ ಮೇಲೆ ನನಗೆ ಅದನ್ನು ಕೇಳಿ ನಗಲು ಆಗಿಲ್ಲ. ಅವನು ಬಿದ್ದು ಎಷ್ಟೋ ಕಾಲವಾಗಿತ್ತು. ನಮಗೆ ಕಾಣುತ್ತಿದ್ದದ್ದು ಮೀಸೆ ಮಾತ್ರ. ಕೆಲಸಕ್ಕೆ ಒಂದು ದಿನ ತಪ್ಪಿಸಲಿಲ್ಲ, ಸಾಲದ ಕಂತು ತಪ್ಪಲಿಲ್ಲ, ಯಾರಾದರೂ ಹೇಗಿದ್ದೀರಿ ಎಂದರೆ "ನಡೀತಾ ಇದೆ" ಎನ್ನುವುದು ತಪ್ಪಲಿಲ್ಲ. ನಾವು ಗಮನಿಸಿದ ಒಂದೇ ಬದಲಾವಣೆಯೆಂದರೆ ಸಿಡುಕು. ಖಿನ್ನತೆ ಎಂದರೆ ಅಳು, ಮೌನ, ಹಾಸಿಗೆ ಎಂದುಕೊಂಡಿದ್ದೆವು. ಗಂಡಸರಲ್ಲಿ ಅದು ಎಷ್ಟೋ ಸಲ ಕೋಪವಾಗಿ, ಕುಡಿತವಾಗಿ, ಅತಿಯಾದ ಕೆಲಸವಾಗಿ, ಗಾಡಿ ಓಡಿಸುವ ವೇಗವಾಗಿ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದ್ದು ಆಮೇಲೆ. ಸಿಡುಕುವವನ ಪಕ್ಕ ಕುಳಿತು ಏನಾಯಿತು ಎಂದು ಕೇಳುವವರು ಕಡಿಮೆ. ನಾವೂ ದೂರ ಸರಿದು ಕುಳಿತೆವು.

ಈ ಮೀಸೆಯನ್ನೇ ಹಿಡಿದು ಹಣ ಎತ್ತಿದವರಿದ್ದಾರೆ. 2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇಬ್ಬರು ಗೆಳೆಯರು, ಫ್ಯಾಷನ್ನಿನಿಂದ ಮಾಯವಾದ ಮೀಸೆಯನ್ನು ಮತ್ತೆ ತರೋಣ ಎಂದು ತಮಾಷೆಗೆ ಹೊರಟು ಮೂವತ್ತು ಜನರನ್ನು ಒಪ್ಪಿಸಿದರು. ನವೆಂಬರ್ ಒಂದರಂದು ನುಣ್ಣಗೆ ಕ್ಷೌರ, ಆಮೇಲೆ ತಿಂಗಳಿಡೀ ಮೀಸೆ. ಮರುವರ್ಷ ಅದಕ್ಕೆ ಉದ್ದೇಶವೊಂದು ಸೇರಿತು. ಪ್ರಾಸ್ಟೇಟ್ ಕ್ಯಾನ್ಸರಿಗಾಗಿ 54,000 ಆಸ್ಟ್ರೇಲಿಯನ್ ಡಾಲರ್ ಕೂಡಿತು. ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆ ನಂತರ ಸೇರಿಕೊಂಡವು. ಅದೇ ಇಂದಿನ ಮೊವೆಂಬರ್. ನನಗೆ ಇದರಲ್ಲಿ ಇಷ್ಟವಾದದ್ದು ಮೀಸೆಯ ಬಳಕೆ. ತಿಂಗಳಿಡೀ ಒಬ್ಬ ಗಂಡಸು ಅರೆಬರೆ ಮೀಸೆ ಹೊತ್ತು ಓಡಾಡಿದರೆ ಎದುರು ಸಿಕ್ಕವರೆಲ್ಲ ಇದೇನು ಎಂದು ಕೇಳಲೇಬೇಕು. ಅವನು ಹೇಳಲೇಬೇಕು. ಮುಖದ ಮೇಲೆಯೇ ಷರಾ ಕಲಂ! ಮೀಸೆ ಬಾರದವರು, ಬೇಡದವರು, ಹೆಂಗಸರು ಆ ತಿಂಗಳಲ್ಲಿ 60 ಕಿಲೋಮೀಟರ್ ನಡೆಯಬಹುದು ಅಥವಾ ಓಡಬಹುದು. 60 ಏಕೆಂದರೆ, ಜಗತ್ತಿನಲ್ಲಿ ಗಂಟೆಗೆ 60 ಗಂಡಸರು ಆತ್ಮಹತ್ಯೆಯಿಂದ ಸಾಯುತ್ತಾರೆಂಬುದು ಆ ಸಂಸ್ಥೆ ಕೊಡುವ ಲೆಕ್ಕ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 7 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋಗುತ್ತಾರೆ. ಗಂಡಸರ ಪ್ರಮಾಣ ಹೆಂಗಸರದಕ್ಕಿಂತ ಸುಮಾರು ಎರಡು ಪಟ್ಟು. ವಿಚಿತ್ರವೆಂದರೆ ಖಿನ್ನತೆಯೆಂದು ವೈದ್ಯರ ಬಳಿ ದಾಖಲಾಗುವವರಲ್ಲಿ ಹೆಂಗಸರೇ ಹೆಚ್ಚು. ಗಂಡಸು ವೈದ್ಯರವರೆಗೆ ಹೋಗುವುದೇ ಇಲ್ಲ ಎನ್ನುವುದು ಇದಕ್ಕೆ ಒಂದು ವಿವರಣೆ. ಅಂಕಿಅಂಶ ಇಷ್ಟು ಸಾಕು. ನಡಿಗೆಯ ದಿನ ನಾನು ಇದನ್ನೆಲ್ಲ ಧ್ವನಿವರ್ಧಕದಲ್ಲಿ ಓದಿದಾಗ ಜನ ಮೊಬೈಲ್ ತೆಗೆದರು.

ಈಗ ನನ್ನ ತಪ್ಪುಗಳು. ಮೊದಲ ವರ್ಷ ಅಣ್ಣನ ಫೋಟೋವನ್ನು ದೊಡ್ಡದು ಮಾಡಿಸಿ ಬ್ಯಾನರ್ ಹಾಕಿಸಿದೆ. ಟಿ-ಶರ್ಟಿನ ಮೇಲೆ ಅವನ ಮುಖ, ಟೋಪಿಯ ಮೇಲೆ ಅವನ ಹೆಸರು. ಅತ್ತಿಗೆಯನ್ನು ಕೇಳಿದ್ದೆ, "ನಿನಗೆ ಸರಿ ಎನಿಸಿದ್ದು ಮಾಡು" ಎಂದಿದ್ದರು. ಅದನ್ನು ಒಪ್ಪಿಗೆ ಎಂದುಕೊಂಡೆ. ನಡಿಗೆ ಮುಗಿದ ನಾಲ್ಕನೆಯ ದಿನ ಅವರ ಫೋನು. "ಮೂಲೆಯ ಬ್ಯಾನರ್ ಇನ್ನೂ ಹಾಗೇ ಇದೆ. ಮಳೆ ಬಂದು ಒಂದು ತುದಿ ಬಿಚ್ಚಿಹೋಗಿದೆ. ಅವರ ಮುಖ ಗಾಳಿಗೆ ಮಡಚಿಕೊಳ್ಳುತ್ತಿದೆ. ಮಗಳು ಶಾಲೆಗೆ ಅದೇ ದಾರಿಯಲ್ಲಿ ಹೋಗುವುದು." ನಾನೇ ಏಣಿ ತೆಗೆದುಕೊಂಡು ಹೋಗಿ ಬಿಚ್ಚಿದೆ. ಒದ್ದೆ ಬ್ಯಾನರ್ ಎಷ್ಟು ಭಾರವಿರುತ್ತದೆಂದು ಎತ್ತಿದವರಿಗೇ ಗೊತ್ತು. ಅಣ್ಣನನ್ನು ಎರಡನೆಯ ಸಲ ಹೊತ್ತುಕೊಂಡು ಬಂದ ಹಾಗಾಯಿತು.

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ತೀರಿಕೊಂಡವರ ಹೆಸರು, ಚಿತ್ರ, ಕಥೆ ಇವುಗಳ ಮೇಲಿನ ಹಕ್ಕು ಹಣ ಎತ್ತುವವನದಲ್ಲ. ಹತ್ತಿರದವರನ್ನು ಒಮ್ಮೆ ಕೇಳಿದರೆ ಸಾಲದು, ಪ್ರತಿ ವರ್ಷವೂ ಕೇಳಬೇಕು, ಬೇಡ ಎನ್ನಲು ಅವರಿಗೆ ಸುಲಭವಾಗುವಂತೆ ಕೇಳಬೇಕು. ಮಕ್ಕಳು ಬೆಳೆಯುತ್ತಾರೆ, ಐದು ವರ್ಷದವಳಿಗೆ ಅರ್ಥವಾಗದ ಪೋಸ್ಟರನ್ನು ಹನ್ನೆರಡು ವರ್ಷದವಳು ಓದುತ್ತಾಳೆ.

ಕಥೆ ಹೇಳುವ ಬಗೆಯಲ್ಲೂ ಎಡವಿದ್ದೇನೆ. ನಮ್ಮ ಪತ್ರಿಕೆಗಳು "ಆತ್ಮಹತ್ಯೆಗೆ ಶರಣು" ಎಂದು ಬರೆಯುತ್ತವೆ. ಶರಣು ಎನ್ನುವುದು ನಾವು ದೇವರಿಗೆ, ಗುರುವಿಗೆ ಹೇಳುವ ಮಾತು. ಸಾವಿಗೆ ಆ ಪದವನ್ನು ಅಂಟಿಸಿದರೆ, ಅದೊಂದು ಆಶ್ರಯದ ತಾಣ ಎಂಬ ಅರ್ಥ ಸದ್ದಿಲ್ಲದೆ ಒಳಗೆ ಬರುತ್ತದೆ. ಇನ್ನೊಂದು "ಮನನೊಂದು". ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಮನನೊಂದು, ಸಾಲದಿಂದ ಮನನೊಂದು. ಒಂದು ಕಾರಣ, ಒಂದು ಪರಿಣಾಮ, ಸುದ್ದಿ ಮುಗಿಯಿತು. ಕಾರಣ ಯಾವಾಗಲೂ ಹಲವು. ಕಾಯಿಲೆ, ನಷ್ಟ, ಒಂಟಿತನ, ಕುಡಿತ, ನಿದ್ದೆಗೆಟ್ಟ ತಿಂಗಳುಗಳು ಹೆಣೆದುಕೊಂಡಿರುತ್ತವೆ. ನಾನೂ ಮೊದಲ ಕರಪತ್ರದಲ್ಲಿ ಒಂದೇ ಕಾರಣ ಬರೆದಿದ್ದೆ. ಅದನ್ನು ಓದಿ, ಅಂಥದೇ ತೊಂದರೆಯಲ್ಲಿದ್ದ ಒಬ್ಬರು "ಹಾಗಾದರೆ ನನಗೂ ಇದೇ ದಾರಿಯೇ?" ಎಂದು ಕೇಳಿದರು. ಅಂದೇ ಉಳಿದ ಪ್ರತಿಗಳನ್ನು ಹರಿದು ಹಾಕಿದೆ.

ಹೇಗೆ ಹೋದ ಎಂಬ ವಿವರ ಬೇಡ, ಕೊನೆಯ ಚೀಟಿ ಬೇಡ, ವೀರನಂತೆ ಹೊಗಳುವುದೂ ಬೇಡ. ಇವು ನನ್ನ ಅಭಿಪ್ರಾಯವಲ್ಲ, ವರದಿಗಾರಿಕೆಯ ಬಗ್ಗೆ ಬಹಳ ಕಾಲದಿಂದ ಇರುವ ಎಚ್ಚರಿಕೆಗಳು. ಮೊಜಾರ್ಟ್ 1791ರಲ್ಲಿ ರಚಿಸಿದ ಗೀತನಾಟಕವೊಂದರಲ್ಲಿ ಪಾಪಗೆನೋ ಎಂಬ ಹಕ್ಕಿ ಹಿಡಿಯುವವನು ನಿರಾಶನಾಗಿ ಸಾಯಲು ಹೊರಟಾಗ ಮೂವರು ಹುಡುಗರು ಬಂದು ಬೇರೆ ದಾರಿ ತೋರಿಸುತ್ತಾರೆ. ಆ ಅಂಚಿನವರೆಗೆ ಹೋಗಿ ಹಿಂದೆ ಬಂದವರ ಕಥೆಗಳು ಕೇಳುಗರನ್ನು ಕಾಯಬಲ್ಲವು ಎಂಬುದಕ್ಕೆ ಸಂಶೋಧಕರು ಇಟ್ಟ ಹೆಸರು ಪಾಪಗೆನೋ ಪರಿಣಾಮ. ನೆನಪಿನ ಸಭೆಗಳಲ್ಲಿ ನಾವು ಹೋದವರ ಬಗ್ಗೆ ಮಾತಾಡುತ್ತೇವೆ, ಸಹಜ. ಆದರೆ ಹಿಂದೆ ಬಂದ ಒಬ್ಬರಾದರೂ ಅದೇ ವೇದಿಕೆಯಲ್ಲಿ ಇರಲಿ, ಅವರಿಗೆ ಇಷ್ಟವಿದ್ದರೆ.

ಹಣ ಎಲ್ಲಿಗೆ ಹೋಗಬೇಕು? ಇದರ ಬಗ್ಗೆ ನನಗೆ ಸ್ವಲ್ಪ ಖಾರವಾದ ಅಭಿಪ್ರಾಯವಿದೆ. ಜಾಗೃತಿ ಎಂಬ ಪದ ನಿಧಿ ಸಂಗ್ರಹಿಸುವವರಿಗೆ ಬಹಳ ಅನುಕೂಲ. ಜಾಗೃತಿಗೆ ಅಳತೆಯಿಲ್ಲ, ಮುಗಿಯುವ ದಿನಾಂಕವಿಲ್ಲ, ಲೆಕ್ಕ ಕೇಳುವವರಿಲ್ಲ. ನಮ್ಮ ಮೊದಲ ವರ್ಷದ ಸಂಗ್ರಹದಲ್ಲಿ ಮೂರನೆಯ ಒಂದು ಭಾಗ ಬ್ಯಾನರ್, ಟಿ-ಶರ್ಟು, ಟೋಪಿಗೇ ಹೋಯಿತು. "ಮಾತಾಡಿ" ಎಂದು ಗಂಡಸರಿಗೆ ಬೋಧಿಸುವ ಪೋಸ್ಟರು ಸಿದ್ಧವಾಯಿತು. ಮಾತಾಡಲು ಬಂದರೆ ಕೂರಿಸಲು ನಮ್ಮಲ್ಲಿ ಕುರ್ಚಿ ಇರಲಿಲ್ಲ.

ಕುರ್ಚಿ ಮಾಡಿದವರನ್ನು ನೋಡಿ. ಬ್ರಿಟನ್ನಿನಲ್ಲಿ 2006ರಲ್ಲಿ 21 ವರ್ಷದ ಯುವಕನೊಬ್ಬ ಆತ್ಮಹತ್ಯೆಯಿಂದ ತೀರಿಕೊಂಡ. ಅದಕ್ಕೆ ಮೊದಲು ಸಹಾಯ ಕೇಳಿಕೊಂಡು ಹೋಗಿದ್ದ, ಹೊತ್ತಿಗೆ ಸಿಕ್ಕಿರಲಿಲ್ಲ. ಹೆತ್ತವರು ಅವನ ಹೆಸರಿನಲ್ಲಿ ನಿಧಿ ಕಟ್ಟಿದರು. 2018ರಲ್ಲಿ ಲಿವರ್‌ಪೂಲಿನಲ್ಲಿ ಜೇಮ್ಸಸ್ ಪ್ಲೇಸ್ ಎಂಬ ಕೇಂದ್ರ ತೆರೆಯಿತು. ಸಾಯುವ ಯೋಚನೆಯಲ್ಲಿರುವ ಗಂಡಸರು ಅಲ್ಲಿಗೆ ಹೋದರೆ ತರಬೇತಾದ ಚಿಕಿತ್ಸಕರು ಉಚಿತವಾಗಿ ನೋಡುತ್ತಾರೆ. ಮಗ ಹೋದದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ 12 ವರ್ಷ. ಮೊದಲ ವಾರ್ಷಿಕಕ್ಕೇ ಏನಾದರೂ ಕಟ್ಟಿ ತೋರಿಸಬೇಕೆಂದು ಹೊರಡುವವರು ಈ ಹನ್ನೆರಡನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಎಲ್ಲದಕ್ಕೂ ಅಷ್ಟು ದೊಡ್ಡ ಹಣ ಬೇಕೆಂದೂ ಇಲ್ಲ. ಅದೇ ದೇಶದ ಹ್ಯಾಲಿಫ್ಯಾಕ್ಸಿನಲ್ಲಿ ರಗ್ಬಿ ಆಟಗಾರನೊಬ್ಬ ಭಾವಮೈದುನನನ್ನು ಕಳೆದುಕೊಂಡ. 2016ರಲ್ಲಿ ಸೋಮವಾರ ಸಂಜೆ ಏಳಕ್ಕೆ ಒಂದು ಕೋಣೆ ತೆರೆದು ಗಂಡಸರನ್ನು ಕರೆದ. ಮೊದಲ ದಿನ ಬಂದವರು ಒಂಬತ್ತು ಜನ. ಆಂಡೀಸ್ ಮ್ಯಾನ್ ಕ್ಲಬ್ ಎಂಬ ಹೆಸರಿನ ಆ ಗುಂಪುಗಳು ಈಗ ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಸೋಮವಾರ ಏಳಕ್ಕೆ ಸೇರುತ್ತವೆ. ಒಂದು ಕೋಣೆ, ಕೆಲವು ಕುರ್ಚಿ, ವಾರ ತಪ್ಪದ ಸಮಯ. ಆಸ್ಟ್ರೇಲಿಯಾದ ಮೆನ್ಸ್ ಶೆಡ್‌ಗಳಲ್ಲಿ ನಿವೃತ್ತರು ಮರಗೆಲಸ ಮಾಡುತ್ತಾ, ಹಾಳಾದ ಸೈಕಲ್ ಬಿಚ್ಚುತ್ತಾ ಕೂರುತ್ತಾರೆ. ಗಂಡಸರು ಮುಖಾಮುಖಿ ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟಾಗ ಮಾತಾಡುತ್ತಾರೆ ಎನ್ನುವುದು ಅವರ ಧ್ಯೇಯವಾಕ್ಯ. ಎದುರು ಕೂರಿಸಿ "ಮನಸ್ಸು ಬಿಚ್ಚು" ಎಂದರೆ ನಮ್ಮಣ್ಣ ಎದ್ದು ಹೋಗುತ್ತಿದ್ದ. ಕೆಟ್ಟುಹೋದ ರೇಡಿಯೋ ಒಂದನ್ನು ಕೊಟ್ಟಿದ್ದರೆ, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಏನಾದರೂ ಹೇಳುತ್ತಿದ್ದನೋ ಏನೋ.

ಗಂಡಸರ ವಿಷಯ ಬಿಟ್ಟು ಒಂದು ಉದಾಹರಣೆ ಹೇಳುತ್ತೇನೆ, ಹಣದ ವಿಷಯಕ್ಕೆ ಅದು ಬೇಕು. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2005ರಲ್ಲಿ ಒಬ್ಬ ಯುವತಿಯನ್ನು, ತಮ್ಮ ರೋಗಿಯನ್ನು, ಆತ್ಮಹತ್ಯೆಯಲ್ಲಿ ಕಳೆದುಕೊಂಡರು. ಆಸ್ಪತ್ರೆಗೆ ಏಕೆ ಕರೆತರಲಿಲ್ಲ ಎಂದು ತಾಯಿಯನ್ನು ಕೇಳಿದಾಗ ಬಂದ ಉತ್ತರ, ಬಸ್ಸಿಗೆ 15 ಡಾಲರ್ ಇರಲಿಲ್ಲ. ಆ ಸಾವಿನಿಂದ ಹುಟ್ಟಿದ್ದು ಗೆಳೆತನದ ಬೆಂಚು: ಚಿಕಿತ್ಸಾಲಯದ ಹೊರಗೊಂದು ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಅಜ್ಜಿ. ಹದಿನಾಲ್ಕು ಅಜ್ಜಿಯರಿಂದ ಶುರುವಾಯಿತು. ಅವರು ಖಿನ್ನತೆ ಎನ್ನುವುದಿಲ್ಲ. ಶೋನಾ ಭಾಷೆಯ ಕುಫುಂಗಿಸಿಸ ಎನ್ನುತ್ತಾರೆ, ಅತಿಯಾಗಿ ಯೋಚಿಸುವುದು. ನಮ್ಮ ಎರಡನೆಯ ವರ್ಷದ ಹಣದಲ್ಲಿ ಮೊದಲ ಪಾಲು ಹೋದದ್ದು ಈ ಕಥೆ ಕೇಳಿಯೇ: ಚಿಕಿತ್ಸೆಗೆ ಬರುವವರ ಬಸ್ ಖರ್ಚಿಗೆ, ಔಷಧಿ ನಡುವೆ ನಿಲ್ಲದಂತೆ ನೋಡಿಕೊಳ್ಳುವುದಕ್ಕೆ, ಆಪ್ತಸಮಾಲೋಚಕರ ಶುಲ್ಕಕ್ಕೆ. ಫೋಟೋ ತೆಗೆಸಿಕೊಳ್ಳಲು ಏನೂ ಇಲ್ಲದ ಖರ್ಚುಗಳು.

ಲೆಕ್ಕದ ಮಾತು ಚುಟುಕಾಗಿ. ನಿಧಿಗೆ ಬೇರೆ ಬ್ಯಾಂಕ್ ಖಾತೆ, ಕನಿಷ್ಠ ಇಬ್ಬರ ಸಹಿ, ಪ್ರತಿ ಪೈಸೆಗೂ ರಸೀದಿ. ಹಣ ಯಾರಿಗೆ ಹೋಗುತ್ತದೆ, ಕಾರ್ಯಕ್ರಮದ ಖರ್ಚಿಗೆ ಎಷ್ಟು ಎಂದು ಕೇಳುವ ಮೊದಲೇ ಬರೆದು ಹಾಕಿ. ನೋಂದಾಯಿತ ಸಂಸ್ಥೆಗೆ ಕೊಡುವುದಾದರೆ ಅವರ ಲೆಕ್ಕಪರಿಶೋಧನೆಯ ವರದಿ ತರಿಸಿಕೊಂಡು ಓದಿ. ದುಃಖದಲ್ಲಿರುವ ಮನೆಯವರನ್ನು ಲೆಕ್ಕ ಕೇಳಲು ಜನ ಹಿಂಜರಿಯುತ್ತಾರೆ, ಆ ಹಿಂಜರಿಕೆಯ ಲಾಭ ನಮಗೆ ಬೇಡ.

ಇನ್ನು ಯಾರೂ ಮೊದಲೇ ಹೇಳಿಕೊಡದ ವಿಷಯ. ನೀವು ಹೀಗೊಂದು ಮೇಜು ಹಾಕಿ ಕುಳಿತರೆ, ಹಣ ಕೊಡಲು ಬರುವವರಲ್ಲಿ ಒಬ್ಬರು ತಮಗಾಗಿಯೇ ಬಂದಿರುತ್ತಾರೆ. ಅವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಎರಡನೆಯ ವರ್ಷ, ಮೇಜು ಎತ್ತುವ ಹೊತ್ತು. ಸುಮಾರು ಐವತ್ತರ ಒಬ್ಬರು ಬಂದು ಲಕೋಟೆ ಇಟ್ಟರು. ಇಟ್ಟರು ಎಂದೆ, ಆದರೆ ಎರಡು ಬೆರಳು ಅದರ ಮೇಲೇ ಇದ್ದವು. ಪುಸ್ತಕ ತಿರುಗಿಸಿಕೊಟ್ಟೆ. ಹೆಸರು ಬರೆದರು, ಮೊತ್ತ ಬರೆದರು, ಸಹಿ ಹಾಕಿದರು. ಷರಾ ಕಲಂನಲ್ಲಿ, ಯಾರ ನೆನಪಿಗೆ ಎಂಬಲ್ಲಿ, ಮತ್ತೆ ತಮ್ಮದೇ ಹೆಸರು ಬರೆದರು.

ಕೈತಪ್ಪು ಎಂದುಕೊಳ್ಳಬಹುದಿತ್ತು. ಮೊದಲ ವರ್ಷವಾಗಿದ್ದರೆ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಾವು ನಾಲ್ವರು ಒಂದು ದಿನದ ತರಬೇತಿ ಪಡೆದಿದ್ದೆವು. ಅದರಲ್ಲಿ ಕಲಿತ ಮುಖ್ಯ ಸಂಗತಿ, ನೇರವಾಗಿ ಕೇಳಬೇಕು ಎನ್ನುವುದು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಆದರೂ ಬಾಯಿಗೆ ಆ ಮಾತು ಬರುವುದು ಎಷ್ಟು ಕಷ್ಟ! "ಸಾರ್, ಸಾಯಬೇಕು ಎಂದು ಅನ್ನಿಸುತ್ತಿದೆಯೇ?" ಎಂದೆ. ನನ್ನ ಧ್ವನಿ ನನಗೇ ಬೇರೆಯವರದಂತೆ ಕೇಳಿಸಿತು. ಅವರು ಲಕೋಟೆಯಿಂದ ಬೆರಳು ತೆಗೆದು, "ಕೇಳುತ್ತೀರೆಂದು ಅಂದುಕೊಂಡಿರಲಿಲ್ಲ" ಎಂದರು. ಆಮೇಲೆ ಹೌದು ಎಂದರು.

ನಾನು ಬುದ್ಧಿ ಹೇಳಲಿಲ್ಲ. ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಖಾಲಿ ರಸ್ತೆ ನೋಡುತ್ತಾ ಕುಳಿತೆವು, ಹೆಗಲಿಗೆ ಹೆಗಲು. ಸಹಾಯವಾಣಿಗೆ ಫೋನು ಮಾಡಿ ಅವರ ಕೈಗೆ ಕೊಟ್ಟೆ. ಯಾರನ್ನು ಕರೆಯಲಿ ಎಂದು ಕೇಳಿದಾಗ ಬಹಳ ಹೊತ್ತು ಯೋಚಿಸಿ ತಂಗಿಯ ಹೆಸರು ಹೇಳಿದರು. ಆಕೆ ಬರುವವರೆಗೆ ಒಂದೂಕಾಲು ಗಂಟೆ. ಅಷ್ಟೂ ಹೊತ್ತು ಅವರು ಮಾತಾಡಿದ್ದು ಹೆಚ್ಚಾಗಿ ತಮ್ಮ ಹಳೆಯ ಸ್ಕೂಟರಿನ ಬಗ್ಗೆ. ಮರುದಿನ ಅಣ್ಣ-ತಂಗಿ ಒಟ್ಟಿಗೆ ವೈದ್ಯರ ಬಳಿ ಹೋದರು.

ಹಾಗಾಗಿ ಮೇಜಿನ ಮೇಲೆ ರಸೀದಿ ಪುಸ್ತಕದ ಜೊತೆ ಸಹಾಯವಾಣಿಯ ಸಂಖ್ಯೆಯೂ ಇರಲಿ. ಭಾರತದಲ್ಲಾದರೆ 2022ರಿಂದ ಇರುವ ಟೆಲಿ ಮನಸ್, ಸಂಖ್ಯೆ 14416, ಹಗಲೂ ರಾತ್ರಿ. ಹತ್ತಿರದ ಒಬ್ಬ ಮನೋವೈದ್ಯರಿಗೆ ಮೊದಲೇ ತಿಳಿಸಿರಿ. ಮತ್ತು ಮೇಜಿನ ಹಿಂದೆ ಕುಳಿತ ನೀವು ಕೂಡ ಆತ್ಮೀಯರನ್ನು ಹೀಗೆ ಕಳೆದುಕೊಂಡವರು. ಅಂಥವರಿಗೇ ಅಪಾಯ ಉಳಿದವರಿಗಿಂತ ಹೆಚ್ಚು ಎನ್ನುವುದು ತಿಳಿದ ಸಂಗತಿ. ಮೂರನೆಯ ವರ್ಷ ನನಗೆ ನಡಿಗೆ ಬೇಡವೆನಿಸಿತು, ಮಾಡಲಿಲ್ಲ. "ಅಣ್ಣನನ್ನು ಮರೆತೆಯಾ?" ಎಂದವರಿದ್ದರು. ಅತ್ತಿಗೆ ಮಾತ್ರ "ಈ ವರ್ಷ ಅವರ ದಿನ ಮನೆಯಲ್ಲಿ ಸುಮ್ಮನೆ ಕುಳಿತಿರೋಣ" ಎಂದರು. ಕುಳಿತೆವು. ಮಗಳು ಅಪ್ಪನ ಪೆಟ್ಟಿಗೆಯಿಂದ ಸ್ಕ್ರೂ ಡ್ರೈವರ್‌ಗಳನ್ನು ತೆಗೆದು ಉದ್ದದ ಕ್ರಮದಲ್ಲಿ ಜೋಡಿಸಿದಳು.

ನಾಲ್ಕನೆಯ ವರ್ಷ ಮತ್ತೆ ಮೇಜು ಹಾಕಿದೆವು. ಅವರು ಬಂದರು, ಸ್ಕೂಟರಿನವರು. ಹೆಸರು, ಮೊತ್ತ, ಸಹಿ. ಷರಾ ಕಲಂ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಕಚೇರಿಯಲ್ಲಿ ಏನೂ ಇಲ್ಲದ ಕಡೆ ಹಾಕುವಂತೆ ಒಂದು ಅಡ್ಡಗೆರೆ ಎಳೆದು ಪೆನ್ನು ಮುಚ್ಚಿದರು.

ಪುಸ್ತಕ ಇಲ್ಲೇ ಇರುತ್ತದೆ. ಹೊರಡುವ ಮೊದಲು ಯಾರು ಬೇಕಾದರೂ ಬಂದು ಲೆಕ್ಕ ನೋಡಬಹುದು, ಕೂಡಿ ತಾಳೆ ಹಾಕಬಹುದು, ಖರ್ಚಿನ ರಸೀದಿಗಳು ಹಿಂದಿನ ಲಕೋಟೆಯಲ್ಲಿವೆ. ಹೆಸರು ಮತ್ತು ಸಹಿಯ ಸಾಲುಗಳ ಮೇಲೆ ಮಾತ್ರ ಕಾಗದದ ಪಟ್ಟಿ ಅಂಟಿಸಿದ್ದೇನೆ. ದಯವಿಟ್ಟು ಅದನ್ನು ಎತ್ತಬೇಡಿ.